ಹಿತ್ತಲಿಗೆ ಬರುವ ಈಜುಕೊಳ

ಫೈಬರ್‌ಗ್ಲಾಸ್ ತೊಟ್ಟಿಯನ್ನು ಒಂದೇ ದಿನದಲ್ಲಿ ತಂದು ಗುಂಡಿಗೆ ಇಳಿಸಬಹುದು. ಆದರೆ ಮಣ್ಣು, ನೀರು, ಕಾವಲು ಈ ಮೂರರ ಲೆಕ್ಕ ಅದಕ್ಕೂ ಮೊದಲೇ ಮುಗಿದಿರಬೇಕು.

ಬೇಸಿಗೆ ರಜೆ ಶುರುವಾಯಿತೆಂದರೆ ಮಕ್ಕಳಿಗೆ ನೀರಿನದೇ ಧ್ಯಾನ. ಹಿಂದೆ ಹಳ್ಳಿಯ ಹುಡುಗರಿಗೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ತೋಟದ ಬಾವಿ, ಊರ ಕೆರೆ, ದೇವಸ್ಥಾನದ ಕಲ್ಯಾಣಿ, ಹೊಳೆಯ ಮಡು ಎಲ್ಲವೂ ಅವರ ಪಾಲಿಗೆ ಈಜುಕೊಳಗಳೇ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಬಾವಿಯ ಮೇಲೆ ಮಾವನೋ ಅಣ್ಣನೋ ಹಗ್ಗ ಹಿಡಿದು ನಿಂತಿರುವಾಗ ಕೈಕಾಲು ಬಡಿದು ಕಲಿತ ಈಜು ಜೀವನಪೂರ್ತಿ ಮರೆಯುತ್ತಿರಲಿಲ್ಲ.

ಈಗ ಕಾಲ ಬದಲಾಗಿದೆ. ಎಷ್ಟೋ ಕಡೆ ಬಾವಿಗಳು ಬತ್ತಿವೆ, ಕೆರೆಗಳಲ್ಲಿ ಕಳೆ ತುಂಬಿದೆ, ಕಲ್ಯಾಣಿಗಳಿಗೆ ಬೇಲಿ ಬಿದ್ದಿದೆ. ನಗರದ ಮಗು ನೀರು ಕಾಣುವುದು ಬಕೆಟ್ಟಿನಲ್ಲಿ, ಇಲ್ಲವೇ ಷವರಿನಡಿಯಲ್ಲಿ. ಗೆಳೆಯನ ಅಪಾರ್ಟ್‌ಮೆಂಟಿನಲ್ಲೋ ರಜೆಗೆ ಹೋದ ರೆಸಾರ್ಟಿನಲ್ಲೋ ನೀಲಿ ನೀರಿನ ಕೊಳ ಕಂಡು ಬಂದ ಮಗು ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ: 'ನಮ್ಮನೇಲೂ ಒಂದು ಸ್ವಿಮ್ಮಿಂಗ್ ಪೂಲ್ ಯಾಕಿರಬಾರದು?'

ಹಿತ್ತಲಿನಲ್ಲಿ ಒಂದಿಷ್ಟು ಜಾಗವೂ ಕೈಯಲ್ಲಿ ಒಂದಿಷ್ಟು ಹಣವೂ ಇರುವ ತಂದೆ ತಾಯಿ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ದಿನಗಳು ಹೋದವು. ಕಾಂಕ್ರೀಟ್ ಸುರಿದು, ಟೈಲ್ಸ್ ಅಂಟಿಸಿ, ತಿಂಗಳುಗಟ್ಟಲೆ ಮನೆ ಮುಂದೆ ಜಲ್ಲಿ ಮರಳು ಹರಡಿಕೊಂಡು ಕಟ್ಟಬೇಕಿದ್ದ ಕೊಳದ ಬದಲಿಗೆ, ಕಾರ್ಖಾನೆಯಲ್ಲೇ ತಯಾರಾದ ಫೈಬರ್‌ಗ್ಲಾಸ್ ಕೊಳ ಬಂದಿದೆ. ಲಾರಿಯಲ್ಲಿ ಬರುತ್ತದೆ, ಕ್ರೇನಿನಲ್ಲಿ ಇಳಿಯುತ್ತದೆ. ತಿಂಗಳುಗಳ ಕೆಲಸ ಕೆಲವು ದಿನ ಅಥವಾ ವಾರಗಳಿಗೆ ಇಳಿದಿದೆ. ಆದರೆ ಹೀಗೆ ಸುಲಭವಾಗಿರುವುದು ತೊಟ್ಟಿ ತರುವ ಕೆಲಸ ಮಾತ್ರ. ಅದು ಕೂರುವ ಮಣ್ಣು, ಅದರಲ್ಲಿ ತುಂಬುವ ನೀರು, ಅದರ ಸುತ್ತ ಓಡಾಡುವ ಮಕ್ಕಳು ಇವು ಯಾವುದೂ ಕಾರ್ಖಾನೆಯಿಂದ ಬರುವುದಿಲ್ಲ.

ಗಾಜಿನ ನೂಲು

ಗಾಜು ಎಂದರೆ ಬಿದ್ದರೆ ಒಡೆಯುವ ವಸ್ತು. ಅದರಿಂದ ಈಜುಕೊಳ ಮಾಡುವುದುಂಟೆ? ಉತ್ತರ ಗಾಜಿನ ರೂಪದಲ್ಲಿದೆ. ಗಾಜನ್ನು ಕರಗಿಸಿ ತಲೆಗೂದಲಿಗಿಂತ ಸಣ್ಣ ಎಳೆಯಾಗಿ ಎಳೆದರೆ ಅದು ಬಾಗುತ್ತದೆ, ನೂಲಿನಂತೆ ಹೆಣೆಯಬಹುದು, ಎಳೆದರೆ ಸುಲಭಕ್ಕೆ ತುಂಡಾಗುವುದಿಲ್ಲ.

ಈ ಎಳೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದಾರಿ ತೆರೆದುಕೊಂಡದ್ದು ಆಕಸ್ಮಿಕವಾಗಿ. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಗಾಜಿನ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕ ಎರಡು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಪ್ರಯತ್ನಿಸುತ್ತಿದ್ದ. ರಭಸದ ಗಾಳಿ ಕರಗಿದ ಗಾಜಿನ ಧಾರೆಗೆ ತಾಗಿ, ಗಾಜು ಸಣ್ಣ ಸಣ್ಣ ಎಳೆಗಳಾಗಿ ಚೆದುರಿತು. ಬೆಸೆಯುವ ಕೆಲಸ ಕೆಟ್ಟಿತು, ಹೊಸ ವಸ್ತುವೊಂದು ಸಿಕ್ಕಿತು! 1938ರಲ್ಲಿ ಇದನ್ನೇ ನಂಬಿ ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿತು. 1953ರ ಹೊತ್ತಿಗೆ ಷೆವರ್ಲೆ ಕಾರ್ವೆಟ್ ಕಾರಿನ ಮೈಯೇ ಫೈಬರ್‌ಗ್ಲಾಸಿನದಾಯಿತು.

ಎಳೆ ಒಂದೇ ಇದ್ದರೆ ಅದು ಬರಿಯ ನೂಲು. ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು ದ್ರವ ಸೇರಿ ಗಟ್ಟಿಯಾದಾಗ ಫೈಬರ್‌ಗ್ಲಾಸ್ ಹಲಗೆ ಸಿದ್ಧವಾಗುತ್ತದೆ. ಹಳ್ಳಿಗಳಲ್ಲಿ ಗೋಡೆಗೆ ಮಣ್ಣು ಕಲಸುವಾಗ ಹುಲ್ಲು ಬೆರೆಸುವುದನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ಮಣ್ಣು ಒತ್ತಡ ತಡೆಯುತ್ತದೆ, ಹುಲ್ಲು ಬಿರುಕು ಬಿಡದಂತೆ ಹಿಡಿದುಕೊಳ್ಳುತ್ತದೆ. ಇಲ್ಲಿ ರೆಸಿನ್ ಮಣ್ಣಿನ ಜಾಗದಲ್ಲಿದೆ, ಗಾಜಿನ ಎಳೆ ಹುಲ್ಲಿನ ಜಾಗದಲ್ಲಿದೆ. ಇಂದು ಕರಾವಳಿಯ ಮೀನುಗಾರರ ದೋಣಿಗಳಲ್ಲಿ ಎಷ್ಟೋ ಇದೇ ವಸ್ತುವಿನವು. ಸಮುದ್ರದಲ್ಲಿ ನೀರನ್ನು ಹೊರಗಿಡುವ ದೋಣಿಯೂ ಹಿತ್ತಲಲ್ಲಿ ನೀರನ್ನು ಒಳಗಿಡುವ ಕೊಳವೂ ಒಂದೇ ವಿದ್ಯೆಯ ಮಕ್ಕಳು.

ಅಚ್ಚಿನಿಂದ ಹೊರಗೆ

ಕೊಳದ ತೊಟ್ಟಿಯನ್ನು ತಯಾರಿಸುವುದು ಒಳಗಿನಿಂದ ಹೊರಕ್ಕೆ. ಬೋರಲು ಹಾಕಿದ ಬಾಣಲೆಯಂಥ ದೊಡ್ಡ ಅಚ್ಚಿನ ಮೇಲೆ ಮೊದಲು ಜೆಲ್‌ಕೋಟ್ ಎಂಬ ಬಣ್ಣದ ಪದರವನ್ನು ಸಿಂಪಡಿಸುತ್ತಾರೆ. ಇದು ಒಂದು ಮಿಲಿಮೀಟರಿಗಿಂತಲೂ ತೆಳು. ಕೊಳದಲ್ಲಿ ಇಳಿದವರ ಕಾಲಿಗೆ ತಾಗುವ ನುಣುಪು ಮೈ ಇದೇ. ಅದರ ಮೇಲೆ ರೆಸಿನ್ನಿನಲ್ಲಿ ನೆನೆದ ಗಾಜಿನ ಎಳೆಗಳ ಪದರ, ಅದರ ಮೇಲೆ ಇನ್ನೊಂದು, ಮತ್ತೊಂದು. ಗೋಡೆ ಬಾಗದಂತೆ ಹೊರಮೈಗೆ ಪಕ್ಕೆಲುಬಿನಂಥ ಪಟ್ಟಿಗಳು. ಗಟ್ಟಿಯಾದ ಮೇಲೆ ಅಚ್ಚಿನಿಂದ ಎತ್ತಿ ತಿರುಗಿಸಿದರೆ ಕೊಳ ತಯಾರು.

ಈ ನುಣುಪೇ ಫೈಬರ್‌ಗ್ಲಾಸಿನ ದೊಡ್ಡ ಗುಣ. ಟೈಲ್ಸ್ ಕೊಳದಲ್ಲಿರುವಂತೆ ಇಲ್ಲಿ ಸಂದುಗಳಿಲ್ಲ. ಪಾಚಿಗೆ ಬೇರೂರಲು ಜಾಗ ಕಡಿಮೆ. ಕಾಂಕ್ರೀಟಿನಿಂದ ಸುಣ್ಣದ ಅಂಶ ನೀರಿಗಿಳಿದು ಕ್ಷಾರತೆ ಹೆಚ್ಚುವ ಕಾಟವೂ ಇಲ್ಲ. ಆದರೆ ದೋಷಗಳೂ ಉಂಟು. ಅಚ್ಚಿನ ಆಕಾರವೇ ಕೊಳದ ಆಕಾರ, ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಇಡೀ ತೊಟ್ಟಿ ಒಂದೇ ತುಂಡಾಗಿ ಬರುವುದರಿಂದ ರಸ್ತೆ, ಗೇಟು, ತಲೆಯ ಮೇಲಿನ ವಿದ್ಯುತ್ ತಂತಿ, ಮೂಲೆಯ ತೆಂಗಿನ ಮರ ಎಲ್ಲವೂ ದಾರಿ ಬಿಡಬೇಕು. ಮೂರು ಮೀಟರ್ ಅಗಲದ ತೊಟ್ಟಿ ಹಳೆಯ ಬಡಾವಣೆಯ ಗಲ್ಲಿಯೊಳಗೆ ತಿರುಗುವುದೇ ಇಲ್ಲವೆಂದು ಗೊತ್ತಾಗಬೇಕಾದ್ದು ಮುಂಗಡ ಕೊಡುವ ಮೊದಲು, ಲಾರಿ ಬಂದು ನಿಂತ ಮೇಲಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮುರಿದ ಪ್ಲಾಸ್ಟಿಕ್ ಬಕೆಟ್ಟನ್ನು ಕರಗಿಸಿ ಮತ್ತೆ ಬಕೆಟ್ ಮಾಡಬಹುದು. ಫೈಬರ್‌ಗ್ಲಾಸಿನ ರೆಸಿನ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಬೇಡವಾದ ದಿನ ಗುಜರಿಯವನೂ ಸುಲಭವಾಗಿ ಕೊಳ್ಳದ ವಸ್ತು ಇದು.

ಕೊಳ್ಳುವಾಗಿನ ಕಣ್ಣು

ಬಣ್ಣ ಹೊಳೆಯುವುದನ್ನು ಕಂಡು ಮರುಳಾಗಬಾರದು. ಜೆಲ್‌ಕೋಟಿನ ಮೈಯನ್ನು ಓರೆಯಾಗಿ ಬೆಳಕಿಗೆ ಹಿಡಿದಂತೆ ನೋಡಿದರೆ ಸೂಜಿಮೊನೆಯಷ್ಟು ತೂತುಗಳು, ಅಲೆಗಳು, ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಬೆರಳಗಂಟಿನಿಂದ ಅಲ್ಲಲ್ಲಿ ತಟ್ಟಿ ನೋಡಬೇಕು. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳು ಸದ್ದು ಬಂದರೆ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ತೊಟ್ಟಿಯ ಅಂಚನ್ನು ಕತ್ತರಿಸಿದ ಜಾಗದಲ್ಲಿ ದಪ್ಪ ಎಷ್ಟಿದೆ, ಎಲ್ಲ ಕಡೆ ಒಂದೇ ಸಮನಾಗಿದೆಯೆ ಎಂದು ಅಳೆಯಬಹುದು.

ಒಂದು ಮುಖ್ಯ ಪ್ರಶ್ನೆಯನ್ನು ಕೇಳಲೇಬೇಕು: ಜೆಲ್‌ಕೋಟಿನ ಹಿಂದಿನ ಪದರಕ್ಕೆ ಯಾವ ರೆಸಿನ್ ಬಳಸಿದ್ದಾರೆ? ನೀರು ಸದಾ ತಾಗುತ್ತಿದ್ದರೆ ತೇವ ನಿಧಾನವಾಗಿ ಜೆಲ್‌ಕೋಟಿನೊಳಗೆ ಇಳಿಯುತ್ತದೆ. ಒಳಗೆ ಕರಗುವ ಪದಾರ್ಥ ಉಳಿದಿದ್ದರೆ ಪರಾಸರಣ ನಡೆದು, ವರ್ಷಗಳ ನಂತರ ಸುಟ್ಟ ಚರ್ಮದ ಮೇಲಿನ ಬೊಬ್ಬೆಗಳಂತೆ ಮೈ ಉಬ್ಬುತ್ತದೆ. ವಿನೈಲ್ ಎಸ್ಟರ್ ರೆಸಿನ್ ನೀರನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಬೆಲೆಯೂ ಹೆಚ್ಚು. ಅದನ್ನು ಬಳಸಿದ್ದೇವೆಂಬ ಬಾಯಿಮಾತು ಸಾಲದು, ಖಾತರಿ ಪತ್ರದಲ್ಲಿ ಬರೆದಿರಬೇಕು. ಖಾತರಿ ತೊಟ್ಟಿಗೆ ಮಾತ್ರವೇ, ಜೆಲ್‌ಕೋಟಿಗೂ ಇದೆಯೆ, ಕೂರಿಸುವ ಕೆಲಸಕ್ಕೂ ಇದೆಯೆ ಎಂಬುದನ್ನೂ ಓದಿಕೊಳ್ಳಬೇಕು. ಕೊಳ ಕೆಡುವುದು ಹೆಚ್ಚಾಗಿ ಕೂರಿಸುವ ಕೆಲಸದ ತಪ್ಪಿನಿಂದಲೇ.

ಮಣ್ಣು ಹೇಳುವ ಮಾತು

ಆರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಚಿಕ್ಕ ಕೊಳವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇದರಲ್ಲಿ ಹಿಡಿಯುವ ನೀರು 21.6 ಘನ ಮೀಟರ್, ಅಂದರೆ 21,600 ಲೀಟರ್. ತೂಕ 21 ಟನ್ನಿಗೂ ಮೇಲೆ. 'ತಾರಸಿಯ ಮೇಲೆ ಇಟ್ಟರೆ ಜಾಗ ಉಳಿಯುತ್ತದಲ್ಲ' ಎನ್ನುವವರಿದ್ದಾರೆ. ಜನ ಓಡಾಡುವ ಸಾಮಾನ್ಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆ ತಾಳುವಂತೆ ಲೆಕ್ಕ ಹಾಕಿ ಕಟ್ಟುತ್ತಾರೆ. 1.2 ಮೀಟರ್ ಆಳದ ನೀರು ಚದರ ಮೀಟರಿಗೆ 1,200 ಕೆ.ಜಿ. ಭಾರ ಹೇರುತ್ತದೆ. ಎಂಟು ಪಟ್ಟು! ಕಟ್ಟಡದ ವಿನ್ಯಾಸದಲ್ಲೇ ಕೊಳವನ್ನು ಸೇರಿಸಿರದಿದ್ದರೆ ತಾರಸಿಯ ಮಾತೇ ಬೇಡ.

ನೆಲದಲ್ಲಾದರೂ ಎಲ್ಲ ಮಣ್ಣೂ ಒಂದೇ ಅಲ್ಲ. ಗಟ್ಟಿ ಕೆಮ್ಮಣ್ಣು, ಜಂಬಿಟ್ಟಿಗೆ ನೆಲ ಭಾರ ಹೊರುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಸ್ವಭಾವವೇ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಂಥ ನೆಲದಲ್ಲಿ ತೊಟ್ಟಿಯನ್ನು ಹಾಗೇ ಹೂತರೆ ಗೋಡೆ ಒಳಕ್ಕೆ ಬಾಗಬಹುದು. ಎರೆಯನ್ನು ತೆಗೆದು ಜಲ್ಲಿ ತುಂಬುವುದೋ ಬೇರೆ ಉಪಾಯವೋ ಎಂಬುದನ್ನು ಸಿವಿಲ್ ಎಂಜಿನಿಯರ್ ನೋಡಿ ಹೇಳಬೇಕು. ಮನೆಯ ಬುನಾದಿ, ಪಕ್ಕದವರ ಕಾಂಪೌಂಡ್, ಶೌಚದ ಗುಂಡಿ ಇವುಗಳಿಂದ ದೂರವಿರಬೇಕಾದ್ದು ಹೇಳಬೇಕಾಗಿಲ್ಲ. ಸ್ಥಳೀಯ ಪಂಚಾಯಿತಿ ಅಥವಾ ನಗರಸಭೆಯಲ್ಲಿ ಅನುಮತಿಯ ವಿಷಯ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೂರಿಸುವ ಬಗೆ

ಗುಂಡಿಯನ್ನು ತೊಟ್ಟಿಗಿಂತ ಸುತ್ತಲೂ ಸುಮಾರು ಒಂದು ಅಡಿ ಅಗಲವಾಗಿ ತೋಡುತ್ತಾರೆ. ಲೆಕ್ಕದ ಈ ಚಿಕ್ಕ ಕೊಳಕ್ಕೇ 30 ಘನ ಮೀಟರಿಗಿಂತ ಹೆಚ್ಚು ಮಣ್ಣು ಹೊರಬರುತ್ತದೆ. ಅದನ್ನು ಎಲ್ಲಿ ಹಾಕುವುದೆಂದು ಮೊದಲೇ ಯೋಚಿಸಿರದಿದ್ದರೆ ಹಿತ್ತಲು ಪೂರ್ತಿ ಗುಡ್ಡವಾದೀತು.

ತಳದಲ್ಲಿ ನಾಲ್ಕರಿಂದ ಆರು ಅಂಗುಲ ಸಣ್ಣ ಜಲ್ಲಿ ಅಥವಾ ಮರಳಿನ ಹಾಸಿಗೆ. ಕಲ್ಲಿನ ಒಂದು ಮೊನೆಯೂ ಮೇಲೆದ್ದಿರಬಾರದು. ಮೇಸ್ತ್ರಿ ರಸಮಟ್ಟ ಹಿಡಿದು, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮೂಲೆಯಿಂದ ಮೂಲೆಗೆ ಮಟ್ಟ ನೋಡಬೇಕು. ಏಕೆಂದರೆ ನೀರಿನಷ್ಟು ನಿಷ್ಠುರವಾದ ಪರೀಕ್ಷಕ ಇನ್ನೊಬ್ಬನಿಲ್ಲ. ಒಂದು ತುದಿ ಎರಡು ಅಂಗುಲ ತಗ್ಗಿದರೂ ತುಂಬಿದ ಕೊಳ ಅದನ್ನು ಜೀವಮಾನವಿಡೀ ತೋರಿಸುತ್ತಲೇ ಇರುತ್ತದೆ.

ಅಗಲವಾದ ಪಟ್ಟಿಗಳಲ್ಲಿ ತೊಟ್ಟಿಯನ್ನು ತೂಗುಹಾಕಿ ಕ್ರೇನ್ ಮೆಲ್ಲಗೆ ಇಳಿಸುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ಗುಂಡಿಯ ಹತ್ತಿರ ಸುಳಿಯಬಾರದು. ಇಳಿದ ಮೇಲೆ ನಿಜವಾದ ಕೌಶಲದ ಕೆಲಸ ಆರಂಭವಾಗುತ್ತದೆ. ಒಳಗೆ ಒಂದು ಅಡಿ ನೀರು, ಹೊರಗಿನ ಸಂದಿಗೆ ಒಂದು ಅಡಿ ಜಲ್ಲಿ; ಮತ್ತೆ ಒಳಗೆ ಒಂದು ಅಡಿ, ಹೊರಗೆ ಒಂದು ಅಡಿ. ಹೀಗೆ ಎರಡೂ ಜೊತೆಜೊತೆಯಾಗಿ ಏರಬೇಕು. ಮೊದಲು ಹೊರಗೆ ತುಂಬಿಸಿದರೆ ಗೋಡೆ ಒಳಕ್ಕೆ ಬಾಗುತ್ತದೆ, ಮೊದಲು ಒಳಗೆ ತುಂಬಿಸಿದರೆ ಹೊರಕ್ಕೆ ಉಬ್ಬುತ್ತದೆ. 'ಬೇಗ ಮುಗಿಸಿಬಿಡೋಣ' ಎಂದು ತೋಡಿದ ಮಣ್ಣನ್ನೇ ಮರಳಿ ತಳ್ಳುವವರಿದ್ದಾರೆ. ಆ ಮಣ್ಣು ಒಂದೆರಡು ಮಳೆಗಾಲದಲ್ಲಿ ಕುಸಿದು, ಮೇಲಿನ ಕಲ್ಲುಹಾಸನ್ನೂ ನೀರಿನ ಪೈಪನ್ನೂ ಎಳೆದುಕೊಂಡು ಹೋಗುತ್ತದೆ. ಕೊನೆಗೆ ತೊಟ್ಟಿಯ ಅಂಚಿಗೆ ಕಾಂಕ್ರೀಟಿನ ಪಟ್ಟಿ, ಅದರ ಸುತ್ತ ನೀರು ಹೊರಕ್ಕೆ ಹರಿಯುವಂತೆ ಇಳಿಜಾರಾದ, ಕಾಲು ಜಾರದ ನೆಲ.

ವಿದ್ಯುತ್ತಿನ ಕೆಲಸದಲ್ಲಿ ರಾಜಿ ಸಲ್ಲದು. ಪಂಪಿಗೆ ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಬೀಳುವ ಸ್ವಿಚ್ಚು, ನೀರಿನೊಳಗಿನ ದೀಪವಾದರೆ 12 ವೋಲ್ಟಿನದು ಮಾತ್ರ.

ಖಾಲಿ ಕೊಳ ತೇಲುತ್ತದೆ!

ನೆಲದಲ್ಲಿ ಹೂತಿಟ್ಟ ಕೊಳ ತೇಲಿ ಮೇಲೇಳುವುದೆಂದರೆ ಕಟ್ಟುಕತೆಯಂತೆ ಕೇಳೀತು. ಆದರೆ ಆರ್ಕಿಮಿಡೀಸನ ತತ್ವ ಓದಿದ ಹೈಸ್ಕೂಲು ವಿದ್ಯಾರ್ಥಿ ಇದನ್ನು ಬೆರಳೆಣಿಕೆಯಲ್ಲಿ ಹೇಳಬಲ್ಲ. ಮಳೆಗಾಲದಲ್ಲಿ ನೆಲದೊಳಗಿನ ನೀರು ಕೊಳದ ತಳಕ್ಕಿಂತ ಹತ್ತೇ ಸೆಂಟಿಮೀಟರ್ ಮೇಲೆ ಬಂದಿದೆ ಎಂದುಕೊಂಡರೆ, 6 × 3 × 0.1 ಅಂದರೆ 1.8 ಘನ ಮೀಟರ್ ನೀರು ಸ್ಥಳಾಂತರಗೊಂಡಿದೆ. ಮೇಲಕ್ಕೆ ತಳ್ಳುವ ಬಲ 1.8 ಟನ್. ಇಷ್ಟು ಚಿಕ್ಕ ತೊಟ್ಟಿಯ ತೂಕ ಒಂದು ಟನ್ನನ್ನೂ ಮುಟ್ಟುವುದಿಲ್ಲ. ಒಳಗೆ ನೀರು ತುಂಬಿದ್ದಾಗ 21 ಟನ್ನಿನ ಭಾರ ಅದನ್ನು ಹಿಡಿದಿಡುತ್ತದೆ. ತೊಳೆಯಲೆಂದು ಆಷಾಢದ ಮಳೆಯಲ್ಲಿ ಖಾಲಿ ಮಾಡಿದರೆ, ದೋಣಿ ದೋಣಿಯೇ!

ಬಾವಿಗಳು ಮಳೆಗಾಲದಲ್ಲಿ ಕಟ್ಟೆಯವರೆಗೂ ತುಂಬುವ ಕರಾವಳಿ, ಮಲೆನಾಡುಗಳಲ್ಲಿ ಇದು ಮರೆಯಬಾರದ ಪಾಠ. ಕೂರಿಸುವಾಗಲೇ ತಳದ ಜಲ್ಲಿಗೆ ತಾಗುವಂತೆ ಒಂದು ನಿಲುಗೊಳವೆ ಇಟ್ಟರೆ, ನೆಲದ ನೀರು ಎಲ್ಲಿಯವರೆಗೆ ಏರಿದೆ ಎಂದು ಕೋಲು ಇಳಿಬಿಟ್ಟು ನೋಡಬಹುದು. ಅಗತ್ಯವಾದರೆ ಅದರಿಂದಲೇ ಪಂಪ್ ಮಾಡಿ ತೆಗೆಯಬಹುದು. ಕೊಳವನ್ನು ಪೂರ್ತಿ ಖಾಲಿ ಮಾಡುವ ಸಂದರ್ಭ ಬಂದರೆ ಅದಕ್ಕೆ ಬೇಸಿಗೆಯೇ ಕಾಲ, ಅದೂ ತಿಳಿದವರನ್ನು ಕೇಳಿಯೇ.

ನೀರಿನ ಲೆಕ್ಕ

21,600 ಲೀಟರ್ ಎಂದರೆ ಎಷ್ಟು? ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬ ಪ್ರಮಾಣದಂತೆ, ನಾಲ್ವರ ಸಂಸಾರಕ್ಕೆ ದಿನಕ್ಕೆ 540 ಲೀಟರ್. ಕೊಳವನ್ನು ಒಮ್ಮೆ ತುಂಬಿಸುವ ನೀರಿನಲ್ಲಿ ಆ ಸಂಸಾರ 40 ದಿನ ಬದುಕಬಹುದು. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ನಾಲ್ಕು ಸಲ ಬರಬೇಕು.

2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿ, ಕೊಡಗಳ ಸಾಲು ಬೆಳೆದಿದ್ದ ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತು. ಪಕ್ಕದ ಬೀದಿಯಲ್ಲಿ ಜನ ಕೊಡ ಹಿಡಿದು ನಿಂತಿರುವಾಗ ಹಿತ್ತಲಲ್ಲಿ ನೀಲಿ ನೀರು ತುಂಬಿಸಿಕೊಳ್ಳುವುದು ಬರಿಯ ಹಣದ ಪ್ರಶ್ನೆಯಲ್ಲ, ನೆರೆಹೊರೆಯ ಪ್ರಶ್ನೆಯೂ ಹೌದು.

ಇದಕ್ಕೆ ದಾರಿ ಇಲ್ಲದಿಲ್ಲ. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಮಳೆ ಬಿದ್ದರೆ 90,000 ಲೀಟರ್ ನೀರು. ಅರ್ಧ ಹಿಡಿದಿಟ್ಟರೂ ಎರಡು ಕೊಳ ತುಂಬುತ್ತದೆ. ಒಮ್ಮೆ ತುಂಬಿದ ನೀರನ್ನು ಶೋಧಿಸುತ್ತ, ಶುದ್ಧಿ ಮಾಡುತ್ತ ವರ್ಷಗಟ್ಟಲೆ ಬಳಸಬಹುದು. ಕಳೆದುಹೋಗುವುದು ಹೆಚ್ಚಾಗಿ ಆವಿಯಾಗಿ. ಬೇಸಿಗೆಯ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಇಳಿದರೆ 90 ಲೀಟರ್ ನಷ್ಟ. ಈಜು ಮುಗಿದೊಡನೆ ಹೊದಿಕೆ ಎಳೆದರೆ ಇದರ ಬಹುಪಾಲು ಉಳಿಯುತ್ತದೆ.

ಕೊಳವೆಬಾವಿಯ ನೀರಾದರೆ ಮೊದಲು ಪರೀಕ್ಷೆ ಮಾಡಿಸಬೇಕು. ಗಡಸು ನೀರು ಗೋಡೆಗೆ ಬಿಳಿ ಪೊರೆ ಕಟ್ಟುತ್ತದೆ. ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಬಿದ್ದೊಡನೆ ತಿಳಿನೀರು ಚಹಾದಂತೆ ಕಂದಾಗುತ್ತದೆ.

ಹಿತ್ತಲಿನ ಪ್ರಯೋಗಶಾಲೆ

ನೀರು ತಿಳಿಯಾಗಿ ಕಂಡರೆ ಶುದ್ಧವೆಂದು ಅರ್ಥವಲ್ಲ. ಇಡೀ ಕೊಳದ ನೀರು ಆರರಿಂದ ಎಂಟು ಗಂಟೆಗೊಮ್ಮೆ ಮರಳಿನ ಶೋಧಕದ ಮೂಲಕ ಹಾದುಬರಬೇಕು. ಜೊತೆಗೆ ರೋಗಾಣುಗಳನ್ನು ಕೊಲ್ಲಲು ಪ್ರತಿ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಕ್ಲೋರಿನ್ ಸದಾ ಇರಬೇಕು. ಈ ಕೊಳಕ್ಕೆ ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ 21.6 ಗ್ರಾಂ ಕ್ಲೋರಿನ್. ಶೇಕಡಾ 65 ಶಕ್ತಿಯ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 33 ಗ್ರಾಂ. ಇಂಥ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಗಣಿತದ ಪುಸ್ತಕಕ್ಕೆ ಜೀವ ಬರುತ್ತದೆ. ಆದರೆ ರಾಸಾಯನಿಕವನ್ನು ಮುಟ್ಟುವುದು ದೊಡ್ಡವರ ಕೆಲಸ.

ಕ್ಲೋರಿನ್ನಿನ ಶಕ್ತಿ ನೀರಿನ ಪಿಎಚ್ ಮೇಲೆ ನಿಂತಿದೆ. ಪಿಎಚ್ 7.5ರ ಸುಮಾರಿಗಿದ್ದಾಗ ಅದರಲ್ಲಿ ಅರ್ಧದಷ್ಟು ರೋಗಾಣು ಕೊಲ್ಲುವ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ. 8 ದಾಟಿದರೆ ಕಾಲು ಭಾಗಕ್ಕಿಂತ ಕಡಿಮೆ. ಆದ್ದರಿಂದ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಈಜುಕೊಳದಲ್ಲಿ ಮೂಗಿಗೆ ಹೊಡೆಯುವ ವಾಸನೆ ಕ್ಲೋರಿನ್ ಹೆಚ್ಚಾದುದರ ಗುರುತೆಂದು ಎಲ್ಲರ ನಂಬಿಕೆ. ವಾಸ್ತವವಾಗಿ ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನುಗಳ ವಾಸನೆ. ಕಣ್ಣು ಕೆಂಪಾಗಿಸುವುದೂ ಇದೇ. ಇಳಿಯುವ ಮೊದಲು ಮೈ ತೊಳೆಯಬೇಕೆಂಬ ನಿಯಮಕ್ಕೆ ಕಾರಣ ಇದು.

ಎರಡು ಎಚ್ಚರಿಕೆಗಳು: ರಾಸಾಯನಿಕವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ರಾಸಾಯನಿಕದ ಮೇಲೆ ಸುರಿಯಬಾರದು. ಆಮ್ಲವನ್ನೂ ಕ್ಲೋರಿನ್ ಪುಡಿಯನ್ನೂ ಎಂದಿಗೂ ಬೆರೆಸಬಾರದು. ಹೊರಬರುವುದು ವಿಷಾನಿಲ. ಇನ್ನು ನಾಲ್ಕು ದಿನ ಊರಿಗೆ ಹೋಗುವಾಗ ಪಂಪ್ ನಿಲ್ಲಿಸಿ, ಕ್ಲೋರಿನ್ ಮರೆತು ಹೋದರೆ ಕೊಳ ಸೊಳ್ಳೆಗಳ ತೊಟ್ಟಿಲಾಗುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದದ್ದನ್ನು ಇಲ್ಲಿ ನೆನೆಯಬೇಕು.

ಸದ್ದಿಲ್ಲದ ಅಪಾಯ

ಇಷ್ಟು ಹೊತ್ತು ಹೇಳಿದ್ದೆಲ್ಲ ಸರಿಪಡಿಸಬಹುದಾದ ತಪ್ಪುಗಳು. ಬಾಗಿದ ಗೋಡೆಯನ್ನು ನೆಟ್ಟಗೆ ಮಾಡಬಹುದು, ಹಸಿರಾದ ನೀರನ್ನು ತಿಳಿಮಾಡಬಹುದು. ಸರಿಪಡಿಸಲಾಗದ ತಪ್ಪು ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಕಂದಮ್ಮಗಳು.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ಜಾಗವಿಲ್ಲ, ಕೂಗುವುದೆಲ್ಲಿ? ಫೋನಿನ ಗಂಟೆ ಕೇಳಿ ಒಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರಬಹುದು. ಆದ್ದರಿಂದಲೇ ಫ್ರಾನ್ಸಿನಲ್ಲಿ 2003ರ ಕಾನೂನು ಖಾಸಗಿ ಈಜುಕೊಳಗಳಿಗೆ ಬೇಲಿ, ಹೊದಿಕೆ, ಮಾಡು, ಎಚ್ಚರಿಕೆ ಗಂಟೆ ಇವುಗಳಲ್ಲಿ ಒಂದಾದರೂ ಇರಲೇಬೇಕೆಂದಿತು. ಆಸ್ಟ್ರೇಲಿಯಾದಲ್ಲಿ 1.2 ಮೀಟರ್ ಎತ್ತರದ ಬೇಲಿ ರೂಢಿಯ ಅಳತೆ.

ಬೇಲಿ ಕೊಳದ ನಾಲ್ಕೂ ಕಡೆ ಇರಬೇಕು. ಮನೆಯ ಗೋಡೆಯನ್ನೇ ಒಂದು ಕಡೆಯ ಬೇಲಿಯೆಂದು ಭಾವಿಸಿದರೆ, ಅಂಬೆಗಾಲಿಡುವ ಮಗು ಹಿತ್ತಲ ಬಾಗಿಲಿನಿಂದ ನೇರ ನೀರಿಗೇ ಹೋಗುತ್ತದೆ. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಮಗುವಿನ ಕೈಗೆಟುಕಬಾರದು, ಬೇಲಿಯ ಪಕ್ಕ ಹತ್ತಿ ದಾಟಲು ಕುರ್ಚಿ, ಹೂಕುಂಡ ಇರಬಾರದು.

ಕೊಳದ ತಳದಲ್ಲಿ ನೀರು ಹೀರುವ ರಂಧ್ರವೂ ಅಪಾಯಕಾರಿ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ವರ್ಜೀನಿಯಾ ಗ್ರೇಮ್ ಬೇಕರ್ 2002ರಲ್ಲಿ ಬಿಸಿನೀರಿನ ತೊಟ್ಟಿಯೊಂದರ ಇಂಥ ರಂಧ್ರದ ಸೆಳೆತಕ್ಕೆ ಸಿಕ್ಕಿ ಅಸುನೀಗಿದಳು. ಆ ತಾಯಿ ಹೋರಾಡಿದ ಫಲವಾಗಿ 2007ರಲ್ಲಿ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಒಂದರ ಬದಲು ದೂರದೂರದಲ್ಲಿ ಎರಡು ರಂಧ್ರಗಳು, ಮೈ ಅಂಟಿಕೊಳ್ಳದಂತೆ ಉಬ್ಬಿದ ಮುಚ್ಚಳ, ಇವೆರಡನ್ನೂ ಕೊಳ ಕೊಳ್ಳುವಾಗಲೇ ಕೇಳಿ ಹಾಕಿಸಬೇಕು.

1.2 ಮೀಟರ್ ಆಳದ ಕೊಳಕ್ಕೆ ತಲೆ ಮುಂದಾಗಿ ಧುಮುಕುವುದು ಕುತ್ತಿಗೆಯ ಮೂಳೆಗೆ ಆಹ್ವಾನ. ತೋಳಿಗೆ ಕಟ್ಟುವ ಗಾಳಿಚೀಲ ಆಟದ ವಸ್ತುವೇ ಹೊರತು ರಕ್ಷಕನಲ್ಲ. ಮುಳುಗಿದವರನ್ನು ಎತ್ತಿ ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಅದುಮುವುದು ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ತಪ್ಪು ಪದ್ಧತಿ. ಉಸಿರು ನಿಂತಿದ್ದರೆ ತಡಮಾಡದೆ ಬಾಯಿಯ ಮೂಲಕ ಉಸಿರು ಕೊಟ್ಟು ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಮನೆಯ ಒಬ್ಬರಾದರೂ ಈ ಪ್ರಥಮ ಚಿಕಿತ್ಸೆಯನ್ನು ಕಲಿಯದೆ ಕೊಳಕ್ಕೆ ನೀರು ತುಂಬಿಸಬಾರದು.

ಕೊಳ ಬಂದರೆ ಈಜು ಬಂದೀತೆ?

ಮಗ ಮುಂದೆ ಚಾಂಪಿಯನ್ ಆಗಲಿ ಎಂಬ ಆಸೆಯಿಂದ ಕೊಳ ಮಾಡಿಸುವವರು ಒಂದು ಮಾತು ತಿಳಿದಿರಬೇಕು. ಆರು ಮೀಟರಿನ ಕೊಳದಲ್ಲಿ ಗೋಡೆ ಒದ್ದು ಹೊರಟರೆ ಮೂರು ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಎದುರಿನ ಗೋಡೆ ಬಂದಿರುತ್ತದೆ. ಸ್ಪರ್ಧೆಯ ಕೊಳಗಳ ಉದ್ದ 25 ಅಥವಾ 50 ಮೀಟರ್. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದ ನಿಶಾ ಮಿಲೆಟ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಈಜಿದ ಶ್ರೀಹರಿ ನಟರಾಜ್ ಅವರಂಥ ಬೆಂಗಳೂರಿನ ಪ್ರತಿಭೆಗಳು ಬೆಳೆದದ್ದು ತರಬೇತುದಾರರ ಕಣ್ಣೆದುರಿನ ದೊಡ್ಡ ಕೊಳಗಳಲ್ಲಿ, ಹಿತ್ತಲಿನ ತೊಟ್ಟಿಯಲ್ಲಲ್ಲ.

ಬೆಂಗಳೂರಿನ ಬಸವನಗುಡಿ ಈಜು ಕೇಂದ್ರ, ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳ, ಮಂಗಳೂರಿನ ಮಂಗಳಾ ಈಜುಕೊಳ, ಹಲವು ಜಿಲ್ಲಾ ಕೇಂದ್ರಗಳಲ್ಲಿರುವ ಕ್ರೀಡಾ ಇಲಾಖೆಯ ಕೊಳಗಳು ಇಂಥ ಕಡೆ ಒಂದು ಬೇಸಿಗೆ ಶಿಬಿರಕ್ಕೆ ಮಗುವನ್ನು ಸೇರಿಸುವ ಖರ್ಚು, ಕೊಳಕ್ಕೆ ಗುಂಡಿ ತೋಡುವ ಖರ್ಚಿಗೂ ಸಮನಾಗದು. ಮೊದಲು ಈಜು, ಆಮೇಲೆ ಕೊಳ ಎಂಬ ಕ್ರಮವನ್ನು ಇಟ್ಟುಕೊಂಡ ಮನೆಗೆ ಎರಡು ಲಾಭ. ಮಗುವಿಗೆ ನೀರಿನ ಮೋಹ ನಾಲ್ಕು ವಾರಕ್ಕೇ ತೀರಿದರೆ ಹಣ ಉಳಿಯಿತು. ತೀರದಿದ್ದರೆ, ಮನೆಗೆ ಬರುವ ಕೊಳದಲ್ಲಿ ಇಳಿಯುವುದು ಈಜು ಬಲ್ಲ ಮಗು.

ಮುಂಗಡ ಕೊಡುವ ಮುನ್ನ ಮನೆಯವರೆಲ್ಲ ಕೂತು ಉತ್ತರಿಸಬೇಕಾದ ಪ್ರಶ್ನೆಗಳು

• ತೊಟ್ಟಿ ಹೊತ್ತ ಲಾರಿ, ಕ್ರೇನ್ ಹಿತ್ತಲಿನವರೆಗೆ ಬರಬಲ್ಲವೆ?

• ಮಣ್ಣು ಯಾವುದು? ಮಳೆಗಾಲದಲ್ಲಿ ನೆಲದ ನೀರು ಎಷ್ಟು ಮೇಲೆ ಬರುತ್ತದೆ?

• ಹಿಂದಿನ ಪದರದ ರೆಸಿನ್ ಯಾವುದು? ಖಾತರಿ ಬರಹದಲ್ಲಿದೆಯೆ, ಕೂರಿಸುವ ಕೆಲಸಕ್ಕೂ ಸೇರಿದೆಯೆ?

• ಇದೇ ತಯಾರಕರು ಐದಾರು ವರ್ಷದ ಹಿಂದೆ ಕೂರಿಸಿದ ಕೊಳವೊಂದನ್ನು ಹೋಗಿ ನೋಡಬಹುದೆ?

• ನೀರು ಎಲ್ಲಿಂದ? ಬರಗಾಲದ ವರ್ಷದಲ್ಲಿ ಏನು ಮಾಡುವುದು?

• ಪ್ರತಿದಿನ ನೀರು ಪರೀಕ್ಷಿಸಿ, ಕಸ ತೆಗೆಯುವವರು ಯಾರು?

• ಬೇಲಿಯ ಖರ್ಚು ಅಂದಾಜುಪಟ್ಟಿಯಲ್ಲಿ ಸೇರಿದೆಯೆ?

• ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ, ಕೈಯಲ್ಲಿ ಫೋನಿಲ್ಲದೆ, ದಡದಲ್ಲಿ ಕೂರುವವರು ಯಾರು?

ಕೊನೆಯ ಪ್ರಶ್ನೆಗೆ ಒಬ್ಬರ ಹೆಸರು ಹೇಳಲು ಆಗದಿದ್ದರೆ, ಮಿಕ್ಕ ಏಳಕ್ಕೂ ಸರಿಯುತ್ತರ ಸಿಕ್ಕಿದ್ದರೂ ಆ ವರ್ಷ ಕೊಳ ಬೇಡ. ಹಿಂದೆ ಬಾವಿಯ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನ ಕೆಲಸವನ್ನು ಮಾಡುವ ಯಂತ್ರ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ.